ಗಜ್ಜುಗದ ಬೇಲಿಗೆ ಹಂದಿ ಸೋತಿತು: ನನ್ನ ಅನುಭವ

ಹಿರಿಯೂರು ಸೀಮೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ನೀರು ಹಾಯಿಸದೆ ಗಜ್ಜುಗದ ಮುಳ್ಳುಬಳ್ಳಿಯ ಬೇಲಿ ಏಳುವುದಿಲ್ಲ ಎಂದವರೇ ಈಗ ಬೀಜ ಕೇಳಿಕೊಂಡು ಬರುತ್ತಿದ್ದಾರೆ. ಮೂರು ಎಕರೆ ಶೇಂಗಾ ಹೊಲದ ಸುತ್ತ ಬೇಲಿ ಎದೆಮಟ್ಟ ದಾಟಿದೆ. ಕಳೆದ ಎರಡು ಹಂಗಾಮಿನಲ್ಲಿ ಒಂದು ಹಂದಿಯೂ ಒಳಗೆ ಕಾಲಿಟ್ಟಿಲ್ಲ.

ಕಲ್ಲುಕಂಬ, ಮುಳ್ಳುತಂತಿಗೆ ಲೆಕ್ಕ ಹಾಕಿಸಿದಾಗ ಒಂದೂವರೆ ಲಕ್ಷದ ಆಸುಪಾಸು ಹೇಳಿದ್ದರು. ಅಷ್ಟು ಸುರಿದರೂ ಹಂದಿ ತಂತಿಯ ಕೆಳಗೆ ಮಣ್ಣು ಕೆದರಿ ನುಸುಳುತ್ತದೆ. ನನಗೆ ತಗುಲಿದ್ದು ಹೆಚ್ಚೆಂದರೆ 25 ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೆಸಿಬಿಯಿಂದ ಕಂದಕ ತೆಗೆಸಿದ್ದಕ್ಕೇ ಹೋಯಿತು. ಉಳಿದದ್ದು ಕೂಲಿ. ಬೀಜ ಐದು ಕಿಲೋ ಇರಬಹುದು, ಹಳ್ಳದ ದಂಡೆಯಲ್ಲಿ ಆರಿಸಿ ತಂದದ್ದು.

ಹೈರಾಣ ಮಾಡಿದ್ದು ಬೀಜದ ಸಿಪ್ಪೆ. ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿ ಬೇರೆ ದಡ ಸೇರಿ ಮೊಳೆಯುವ ಬೀಜ ಅದು, ತಣ್ಣೀರಿಗೆ ಜಗ್ಗುತ್ತದೆಯೇ? ಸಗಣಿ ಬಗ್ಗಡದಲ್ಲಿ ವಾರ ಇಟ್ಟೆ, ಕದಲಲಿಲ್ಲ. ಕುದಿನೀರು ಹೊಯ್ದರೆ ನೂರಕ್ಕೆ ಹತ್ತೋ ಹನ್ನೆರಡೋ ಮೊಳೆತವು, ಮಿಕ್ಕವು ಕೊಳೆತವು. ಬಳ್ಳಾರಿ ಜಾಲಿಯ ಕಾಯಿ ತಿಂದ ಮೇಕೆಯ ಹಿಕ್ಕೆಯಲ್ಲಿ ಗಿಡ ಏಳುತ್ತದಲ್ಲ, ಹಾಗೆಯೇ ಆದೀತೆಂದು ಹಿಂಡಿಯಲ್ಲಿ ಬೆರೆಸಿ ಇಟ್ಟೆ. ಮೇಕೆಗಳು ಹಿಂಡಿ ನೆಕ್ಕಿ ಗಜ್ಜುಗವನ್ನು ಹಾಗೆಯೇ ಉಳಿಸಿದವು.

ಕೊನೆಗೆ ಕೈಹಿಡಿದದ್ದು ಮಕ್ಕಳಾಟ. ಚಿಕ್ಕಂದಿನಲ್ಲಿ ಗಜ್ಜುಗವನ್ನು ಕಲ್ಲಿಗೆ ಉಜ್ಜಿ ಚುರುಕು ಮುಟ್ಟಿಸುತ್ತಿದ್ದೆವು. ಉಜ್ಜಿದ ಜಾಗದಲ್ಲಿ ಸಿಪ್ಪೆ ಸವೆಯುತ್ತಿತ್ತು. ಅದನ್ನೇ ಸಾಣೆ ಚಕ್ರದ ಗ್ರೈಂಡರ್ ಯಂತ್ರದಲ್ಲಿ ಮಾಡಿದೆ. ಬೀಜದ ಕಣ್ಣಿಗೆ ಎದುರು ಬದಿಯಲ್ಲಿ, ಒಳಗಿನ ಬಿಳಿ ಇಣುಕುವಷ್ಟು ಮಾತ್ರ ಉಜ್ಜಬೇಕು. ಬೀಜವನ್ನು ಇಕ್ಕುಳದಲ್ಲಿ ಹಿಡಿಯಿರಿ, ಬೆರಳು ಕೊಡಬೇಡಿ. ರಾತ್ರಿ ನೆನೆಸಿದರೆ ಬೆಳಗಿನ ಹೊತ್ತಿಗೆ ಉಬ್ಬುತ್ತದೆ. ಉಬ್ಬದ್ದನ್ನು ಮತ್ತೆ ಉಜ್ಜಬೇಕು. ನೆನೆಸುವ ನೀರಿಗೆ ನಾನು ಬೆರೆಸುವ ಒಂದು ಪದಾರ್ಥವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೂರಕ್ಕೆ ಎಂಬತ್ತರ ಮೇಲೆ ಮೊಳಕೆ ಬಂತು.

ಜೂನ್ ತಿಂಗಳ ಮೃಗಶಿರ ಮಳೆಗೆ ಬಿತ್ತಿದ ಸಾಲು ಮುಂದಿನ ಒಣ ಹವೆಗೆ ಸುಟ್ಟುಹೋಯಿತು. ನಮ್ಮ ಕಡೆ ಮಳೆಯ ಭರವಸೆ ಇರುವುದು ಹಿಂಗಾರಿಗೆ ಹತ್ತಿರವಾದಾಗ. ಸೆಪ್ಟೆಂಬರ್ ಮೊದಲಿನ ಹುಬ್ಬೆ ಮಳೆಗೆ ಹಾಕಿದ್ದು ಉಳಿಯಿತು. ಕಂದಕ ಹೊರಗೆ, ಅದರ ಮಣ್ಣಿನ ಬದು ಒಳಗೆ, ಬದುವಿನ ಮೇಲೆ ಒಂದೂವರೆ ಅಡಿಗೊಂದರಂತೆ ಎರಡು ಸಾಲು ಬೀಜ. ಕಂದಕದಲ್ಲಿ ನಿಂತ ಮಳೆನೀರೇ ಅದಕ್ಕೆ ಸಾಕು. ಮೊದಲ ಬೇಸಿಗೆಯಲ್ಲಿ ಎಲೆ ಉದುರಿ ಕಡ್ಡಿಯಂತೆ ನಿಂತರೆ ಕೀಳಬೇಡಿ, ಬೇರು ಇಳಿದಿರುತ್ತದೆ.

ಎರಡನೆಯ ವರ್ಷದಿಂದ ಬಳ್ಳಿಯನ್ನು ಬೇಲಿಯೊಳಗೇ ಹೆಣೆಯುತ್ತಾ ಹೋಗಬೇಕು. ಬಿಟ್ಟರೆ ಆರೇಳು ಅಡಿ ಹೊಲ ನುಂಗುತ್ತದೆ. ಮುಳ್ಳು ಹಿಮ್ಮುಖ ಕೊಕ್ಕೆ, ಚರ್ಮದ ಕೈಗವಸು ಬೇಕೇಬೇಕು. ಪಡುವಣ ಬದಿಯ ಸಾಲಿನಲ್ಲಿ ನಡುನಡುವೆ ಕತ್ತಾಳೆ ನೆಟ್ಟು ನೋಡುತ್ತಿದ್ದೇನೆ. ಬುಡದ ಸಂದು ಬೇಗ ಮುಚ್ಚುತ್ತಿದೆ. ಈ ವರ್ಷ ಗ್ರಂಥಿಗೆ (ನಾಟಿ ಔಷಧದ ಸಾಮಾನಿನ) ಅಂಗಡಿಯವರೊಬ್ಬರು ಕಾಯಿ ಬಲಿಯುವ ಮೊದಲೇ ಬೀಜಕ್ಕೆ ಮುಂಗಡ ಕೊಟ್ಟು ಹೋಗಿದ್ದಾರೆ.