ಎಕ್ಕೆಯ ಎಲೆ, ಎಕ್ಕೆಯ ಹಾಲು: ನನ್ನ ಅನುಭವ

ಸಿಂದಗಿ ಭಾಗದ ನಮ್ಮ ಊರಿನಲ್ಲಿ ಎಕ್ಕೆಯನ್ನು ಯಾರೂ ನೆಡುವುದಿಲ್ಲ; ಹೊಲದ ಬದುವಿನಲ್ಲಿ, ಹಾಳುಗೋಡೆಯ ಬುಡದಲ್ಲಿ ತಾನಾಗಿ ಬೆಳೆಯುತ್ತದೆ. ಶನಿವಾರ ಹನುಮಪ್ಪನಿಗೆ ಅದರ ಎಲೆಯ ಮಾಲೆ, ರಥಸಪ್ತಮಿಯ ಸ್ನಾನಕ್ಕೆ ಅದರದೇ ಏಳು ಎಲೆ. ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಅವ್ವನ ಮೊಣಕಾಲು ನೋವಿಗೂ ಅದೇ ಎಲೆ ಬೇಕು. ಅದನ್ನು ಕಟ್ಟುವ ಕೆಲಸ ಬಹುಕಾಲದಿಂದ ನನ್ನದು.

ಬಲಿತ ಎಲೆಯನ್ನು ಮುರಿದ ಕೂಡಲೇ ತೊಟ್ಟಿನಿಂದ ಬಿಳಿಯ ಹಾಲು ತೊಟ್ಟಿಕ್ಕುತ್ತದೆ. ತೊಟ್ಟು ಕೆಳಗಾಗುವಂತೆ ಎಲೆಗಳನ್ನು ಗೋಡೆಗೆ ಒರಗಿಸಿಟ್ಟು, ಹಾಲು ನಿಂತ ಮೇಲೆ ತೊಳೆದು, ಅಡಿಭಾಗದ ಹಿಟ್ಟಿನಂಥ ಬಿಳುಪನ್ನು ಬಟ್ಟೆಯಿಂದ ಒರೆಸಿ, ಔಡಲೆಣ್ಣೆ ಸವರಿ ಹಂಚಿನ ಮೇಲೆ ಬಾಡಿಸುತ್ತೇನೆ. ನನ್ನ ಮುಂಗೈಗೆ ತಾಗಿಸಿ ಬಿಸಿ ನೋಡಿಕೊಂಡು, ಹಳೆಯ ಧೋತರದ ಚೂರಿನಿಂದ ಕಟ್ಟಿ, ಅರ್ಧ ಗಂಟೆಗೆ ಬಿಚ್ಚುತ್ತೇನೆ. ಒಮ್ಮೆ ರಾತ್ರಿಯಿಡೀ ಬಿಟ್ಟಾಗ ಚರ್ಮ ಕೆಂಪಾಗಿ ಗುಳ್ಳೆಗಳೆದ್ದಿದ್ದವು. ನೋವು ಒಂದೆರಡು ದಿನ ಹಗುರಾಗುತ್ತದೆ, ಸವೆದ ಕೀಲು ಮಾತ್ರ ಹಾಗೆಯೇ ಇರುತ್ತದೆ. ಆ ಹಗುರಿನಲ್ಲಿ ಎಲೆಯ ಪಾಲೆಷ್ಟು, ಬರಿಯ ಶಾಖದ ಪಾಲೆಷ್ಟು ಎಂದು ನಾನು ಬಿಡಿಸಿ ಹೇಳಲಾರೆ. ಬಿಳಿ ಹೂವಿನ ಎಕ್ಕೆಯೇ ಶ್ರೇಷ್ಠವೆಂದು ಹಿರಿಯರು ಹೇಳುತ್ತಾರೆ. ನನ್ನ ಕೈಗೆ ಎರಡೂ ಒಂದೇ ಆಗಿವೆ.

ಮೂರು ವರ್ಷಗಳ ಹಿಂದೆ ಎಲೆ ಹರಿಯುವಾಗ ಹಾಲು ಮೆತ್ತಿದ ಬೆರಳಿನಿಂದಲೇ ಬೆವರು ಒರೆಸಿಕೊಂಡೆ. ಬಲಗಣ್ಣು ಸ್ವಲ್ಪ ಚುರುಗುಟ್ಟಿತು, ಆಮೇಲೆ ಸುಮ್ಮನಾಯಿತು. ನೋವಿಲ್ಲವೆಂದು ನೀರನ್ನೂ ಹಾಕಿಕೊಳ್ಳಲಿಲ್ಲ. ಸಂಜೆ ದೇವರ ದೀಪದ ಸುತ್ತ ಬಣ್ಣದ ಬಳೆಯಂತೆ ಬೆಳಕು ಕಾಣಿಸಿತು. ಬೆಳಗಾದರೆ ಆ ಕಣ್ಣಿನ ಮುಂದೆ ಬರಿಯ ಮಂಜು. ವಿಜಯಪುರದ ಕಣ್ಣಿನ ವೈದ್ಯರು, ಹಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಒಳಪದರಕ್ಕೆ ಪೆಟ್ಟು ಕೊಟ್ಟು ಊತ ತಂದಿದೆ ಎಂದರು; ನೋವು ಅಷ್ಟಾಗಿ ಇಲ್ಲದಿರುವುದೇ ಈ ಹಾಲಿನ ಮೋಸವೆಂದೂ ಹೇಳಿದರು. ಹನಿ ಹಾಕಿಕೊಳ್ಳುತ್ತ ದೃಷ್ಟಿ ತಿಳಿಯಾಗಲು ಹತ್ತು ದಿನ ಹಿಡಿಯಿತು. ಕಣ್ಣಿಗೆ ಹಾಲು ಸಿಡಿದ ಕೂಡಲೇ ಕಾಲು ಗಂಟೆಯಾದರೂ ಶುದ್ಧ ನೀರಿನಿಂದ ತೊಳೆದು, ಉರಿ ಇರಲಿ ಬಿಡಲಿ, ಅಂದೇ ಆಸ್ಪತ್ರೆಗೆ ಹೋಗಬೇಕಿತ್ತು.

ಮುಳ್ಳು ತೆಗೆಯಲು ಗಾಯಕ್ಕೆ ಇದೇ ಹಾಲು ಬಿಡುವ ರೂಢಿ ನಮ್ಮಲ್ಲಿದೆ. ನಾನು ಆ ರೂಢಿಯನ್ನು ಕೈಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಎಲೆಯನ್ನೂ ಕಟ್ಟುವುದಿಲ್ಲ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಆಯುರ್ವೇದವು ಎಕ್ಕೆಯನ್ನು ಉಪವಿಷಗಳ, ಅಂದರೆ ತುಸು ಕಡಿಮೆ ತೀವ್ರತೆಯ ವಿಷಗಳ, ಸಾಲಿನಲ್ಲಿ ಇಟ್ಟಿದೆ. ಹೃದಯದ ಬಡಿತವನ್ನೇ ಕೆಡಿಸುವ ಅಂಶಗಳು ಅದರಲ್ಲಿರುವುದರಿಂದ, ದಮ್ಮಿಗೆ ಮನೆಯಲ್ಲೇ ಹೂವು ಅರೆದು ಕುಡಿಸಲೇ ಎಂದು ಕೇಳಲು ಬಂದ ಪಕ್ಕದ ಮನೆಯ ಕಾಕುವಿಗೆ ಖಡಾಖಂಡಿತವಾಗಿ ಬೇಡವೆಂದೆ. ಅವರು ಮುನಿಸಿಕೊಂಡು ಎರಡು ವಾರ ನಮ್ಮ ಕಡೆ ಸುಳಿಯಲಿಲ್ಲ.