ಶೂನ್ಯ ಗಾತ್ರದ ರಿಅಲಾಕ್: ಡಬಲ್ ಫ್ರೀ ನಿಂತದ್ದು ಹೀಗೆ

ಕೋಲಾರದ ಟೊಮೆಟೊ ಮಂಡಿಯೊಂದರ ಲಾಟ್ ಪಟ್ಟಿ ಇಡುವ, ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಹರಾಜು ಮುಗಿದು ಪಟ್ಟಿ ಖಾಲಿಯಾದ ದಿನ ಮಾತ್ರ ‘ಡಬಲ್ ಫ್ರೀ’ (ಒಂದೇ ಮೆಮೊರಿ ಜಾಗವನ್ನು ಎರಡು ಸಲ ಬಿಟ್ಟುಕೊಡುವ ದೋಷ) ಎಂದು ನಿಂತುಹೋಗುತ್ತಿತ್ತು. ಕೊನೆಯ ಫ್ರೀ (ಜಾಗ ಬಿಟ್ಟುಕೊಡುವ ಕರೆ) ಆದಮೇಲೆ ಪಾಯಿಂಟರಿಗೆ, ಅಂದರೆ ಜಾಗದ ವಿಳಾಸ ಹಿಡಿದಿಡುವ ಚರಕ್ಕೆ, ನಲ್ (ಖಾಲಿ ವಿಳಾಸ) ಹಾಕಿದರೂ ಸರಿಹೋಗಲಿಲ್ಲ. ಜಾಗದ ಗಾತ್ರ ಬದಲಿಸುವ ಕರೆಯಾದ ರಿಅಲಾಕ್ ಕೊಟ್ಟದ್ದನ್ನು ತಾತ್ಕಾಲಿಕ ಪಾಯಿಂಟರಿನಲ್ಲಿ ಹಿಡಿದರೂ ಅಷ್ಟೇ. ರಿಅಲಾಕ್‌ಗೆ ಕೊಟ್ಟ ಗಾತ್ರ 0 ಆದಾಗ ಜಿಲಿಬ್‌ಸಿ (ಲಿನಕ್ಸ್‌ನಲ್ಲಿ ಬಳಸುವ ಸಿ ಲೈಬ್ರರಿ) ಹಳೆಯ ಜಾಗವನ್ನು ಬಿಟ್ಟುಕೊಟ್ಟು ನಲ್ ಹಿಂದಿರುಗಿಸುತ್ತದೆ; ಕೋಡ್ ಅದನ್ನು ‘ಮೆಮೊರಿ ಸಿಗಲಿಲ್ಲ’ ಎಂದುಕೊಂಡು ಹಳೆಯ ಪಾಯಿಂಟರನ್ನು ಮತ್ತೆ ಫ್ರೀ ಮಾಡುತ್ತಿತ್ತು. ಸಿ ಭಾಷೆಯ ಮಾನದಂಡವಾದ ಸಿ23ರಲ್ಲಂತೂ ಈ ಕರೆಯೇ ಅನಿರ್ದಿಷ್ಟ ವರ್ತನೆ, ಅಂದರೆ ಏನಾದರೂ ಆಗಬಹುದು.

ಕ್ರಮ ಮುಖ್ಯ. ದಾಖಲೆಗಳ ಎಣಿಕೆ 0 ಇದ್ದರೆ ರಿಅಲಾಕ್ ಕರೆಯಲೇಬೇಡಿ: ಫ್ರೀ ಮಾಡಿ, ಪಾಯಿಂಟರಿಗೆ ನಲ್, ಸಾಮರ್ಥ್ಯಕ್ಕೆ 0 ಹಾಕಿ ಯಶಸ್ಸೆಂದು ಮರಳಿ. ಆಮೇಲೆ, ಸೈಜ್ ಮ್ಯಾಕ್ಸ್ (ಗಾತ್ರಕ್ಕೆ ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆ) ಅನ್ನು ಒಂದು ದಾಖಲೆಯ ಗಾತ್ರದಿಂದ ಭಾಗಿಸಿದ್ದಕ್ಕಿಂತ ಎಣಿಕೆ ಹೆಚ್ಚಿದ್ದರೆ ದೋಷ ಕೊಡಿ. ಈ ಪರೀಕ್ಷೆ ಇಲ್ಲದಿದ್ದರೆ ಎಣಿಕೆ ಮತ್ತು ದಾಖಲೆಯ ಗಾತ್ರದ ಗುಣಲಬ್ಧ ಮಿತಿ ಮೀರಿ ಉಕ್ಕಿ ಚಿಕ್ಕ ಜಾಗ ಸಿಕ್ಕೀತು. ಇವೆರಡೂ ದಾಟಿದಮೇಲೆ ತಾತ್ಕಾಲಿಕ ಪಾಯಿಂಟರಿಗೆ ರಿಅಲಾಕ್. ಈಗ ಬರುವ ನಲ್ ನಿಜವಾದ ವೈಫಲ್ಯ. ಹಳೆಯ ಪಟ್ಟಿ ಹಾಗೇ ಉಳಿದಿರುತ್ತದೆ.