ವಿಕಟಕವಿ ಯಾಕೆ ತಿರುಗಲಿಲ್ಲ: ಪದವಿಪೂರ್ವದಲ್ಲಿ ಐಸಿಟಿ ಓದಿದ ನನ್ನ ಅನುಭವ

ಹೈಸ್ಕೂಲ್ ಮುಗಿಸಿ ಪದವಿಪೂರ್ವಕ್ಕೆ ಸೇರುವಾಗ ನಾನು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ತಗೊಂಡೆ, ಎಲ್ಲರೂ ಐಸಿಟಿ ಅಂತಾರಲ್ಲ ಅದೇ. ಟೈಪಿಂಗ್ ಕಲಿಸ್ತಾರೆ, ಸ್ಲೈಡ್ ಮಾಡೋದು ಹೇಳಿಕೊಡ್ತಾರೆ, ಇಂಟರ್ನೆಟ್ ಬಗ್ಗೆ ಒಂದಿಷ್ಟು ಇರುತ್ತೆ ಅಂತ ಅಂದ್ಕೊಂಡಿದ್ದೆ. ಮೊದಲನೇ ವಾರದಲ್ಲೇ ಬೋರ್ಡ್ ತುಂಬ ಸೊನ್ನೆ ಮತ್ತು ಒಂದು, ಎರಡನೇ ವಾರ ಲಾಜಿಕ್ ಗೇಟ್ (0, 1 ಕೊಟ್ರೆ ಒಂದು ನಿಯಮದ ಪ್ರಕಾರ 0 ಅಥವಾ 1 ಕೊಡೋ ಪುಟ್ಟ ಸರ್ಕ್ಯೂಟ್), ಮೂರನೇ ವಾರ ಫ್ಲೋಚಾರ್ಟ್ (ಪ್ರೋಗ್ರಾಂನ ಹೆಜ್ಜೆಗಳ ಚಿತ್ರ). ಸಿಲಬಸ್ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಆದ್ರೆ ಮುಖ್ಯವಾದದ್ದು ಎಲ್ಲಾ ಕಡೆ ಹೆಚ್ಚುಕಮ್ಮಿ ಇದೇ: ಡೇಟಾನ ಕಂಪ್ಯೂಟರ್ ಒಳಗೆ ಹೇಗೆ ಇಡೋದು, ಪ್ರೋಗ್ರಾಂ ಬರೆಯೋದು, ಡೇಟಾಬೇಸ್, ನೆಟ್‌ವರ್ಕ್, ಕೊನೆಗೆ ಒಂದು ಪ್ರಾಜೆಕ್ಟ್. ಈಗ ಇದನ್ನೇ ಓದ್ತಿರೋ ಹುಡುಗ ಹುಡುಗಿಯರಿಗೆ ಡೌಟ್ ಕ್ಲಿಯರ್ ಮಾಡ್ತೀನಿ, ಅವರೂ ನಾನು ಎಡವಿದ ಜಾಗದಲ್ಲೇ ಎಡವ್ತಾರೆ, ಅದಕ್ಕೇ ಬರೀತಿದ್ದೀನಿ.

ಮೊದಲ ವರ್ಷ ಮನೇಲಿ ಕಂಪ್ಯೂಟರ್ ಇರ್ಲಿಲ್ಲ. ಲ್ಯಾಬ್ ವಾರಕ್ಕೆ ಎರಡು ಪೀರಿಯಡ್, ಒಂದು ಮಷಿನ್‌ಗೆ ಇಬ್ಬರು. ಅಷ್ಟರಲ್ಲಿ ಪ್ರೋಗ್ರಾಂ ಟೈಪ್ ಮಾಡಿ, ಎರರ್ ಬಂದು, ಸರಿ ಮಾಡೋ ಹೊತ್ತಿಗೆ ಬೆಲ್ ಹೊಡೀತಿತ್ತು. ಹಾಗಾಗಿ ಬೇರೆ ದಾರಿ ಇಲ್ಲದೇ ನೋಟ್‌ಬುಕ್‌ನಲ್ಲಿ ಡ್ರೈ ರನ್ ಶುರು ಮಾಡಿದೆ. ಅಂದ್ರೆ ಒಂದೊಂದು ವೇರಿಯಬಲ್‌ಗೂ (ಪ್ರೋಗ್ರಾಂ ಬೆಲೆ ಇಟ್ಕೊಳ್ಳೋ ಹೆಸರಿಟ್ಟ ಜಾಗ) ಒಂದು ಕಾಲಂ ಎಳೆದು, ಪ್ರೋಗ್ರಾಂನ ಒಂದೊಂದು ಸಾಲು ಓಡಿದಾಗಲೂ ಆ ಕಾಲಂನಲ್ಲಿ ಏನು ಬದಲಾಗುತ್ತೆ ಅಂತ ಪೆನ್ಸಿಲ್‌ನಲ್ಲಿ ಬರೆಯೋದು. ಆಗ ಇದೊಂದು ಶಿಕ್ಷೆ ಅನ್ನಿಸಿತ್ತು, ಈಗ ಹೇಳ್ತೀನಿ, ಎರಡು ವರ್ಷದಲ್ಲಿ ನಂಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೊಂದೇ.

ಒಂದು ಉದಾಹರಣೆ ಕೊಡ್ತೀನಿ. ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಹುಡುಕೋ ಪ್ರೋಗ್ರಾಂ, ಎಲ್ಲರೂ ಬರೀತಾರೆ. ನಾನು ಶುರುವಿನಲ್ಲಿ 'ದೊಡ್ಡದು' ಅನ್ನೋ ವೇರಿಯಬಲ್‌ಗೆ 0 ಹಾಕಿ, ಪ್ರತಿ ಸಂಖ್ಯೆನೂ ಅದಕ್ಕಿಂತ ಜಾಸ್ತಿನಾ ಅಂತ ನೋಡ್ತಾ ಹೋಗಿದ್ದೆ. 12, 45, 7 ಕೊಟ್ರೆ 45 ಬರ್ತಿತ್ತು, ಖುಷಿ. ಒಂದು ದಿನ ಮನೇಲಿ ಡ್ರೈ ರನ್ ಮಾಡುವಾಗ ಸುಮ್ನೆ -5, -2, -9 ತಗೊಂಡೆ. ಮೊದಲ ಸಾಲು, -5 ಸೊನ್ನೆಗಿಂತ ಜಾಸ್ತಿನಾ, ಇಲ್ಲ. ಎರಡನೇ ಸಾಲು, ಇಲ್ಲ. ಮೂರನೇದೂ ಇಲ್ಲ. ಉತ್ತರ 0. ಪಟ್ಟಿಯಲ್ಲೇ ಇಲ್ಲದ ಸಂಖ್ಯೆ ಉತ್ತರವಾಗಿ ಕೂತಿತ್ತು! ಎಷ್ಟೋ ಸಲ ಲ್ಯಾಬ್‌ನಲ್ಲಿ ಓಡಿಸಿ 'ಸರಿ ಇದೆ' ಅಂತ ಸೈನ್ ಹಾಕಿಸಿಕೊಂಡ ಪ್ರೋಗ್ರಾಂ ಅದು. ಶುರುವಿನಲ್ಲಿ 0 ಬದಲು ಪಟ್ಟಿಯ ಮೊದಲನೇ ಸಂಖ್ಯೆನೇ ಇಟ್ಟುಕೊಂಡ್ರೆ ಮುಗೀತು. ಯಾವ ಪ್ರೋಗ್ರಾಂ ಬರೆದ್ರೂ ಅದು ಕೆಡೋ ಹಾಗಿರೋ ಇನ್‌ಪುಟ್ ಒಂದನ್ನ ಹುಡುಕಿ ಕೊಟ್ಟು ನೋಡೋ ಅಭ್ಯಾಸ ಅವತ್ತಿಂದ ಬಂತು.

ನಂಬರ್ ಸಿಸ್ಟಂ ಬಗ್ಗೆ ಜಾಸ್ತಿ ಹೇಳಲ್ಲ, ಅದು ಕೈ ರೂಢಿ ಆದ್ರೆ ಬರುತ್ತೆ. ದಿನಕ್ಕೆ ಐದು ಲೆಕ್ಕ ಮಾಡಿದೆ, ಹದಿನೈದು ದಿನದಲ್ಲಿ ಹೆದರಿಕೆ ಹೋಯ್ತು. ಟೂಸ್ ಕಾಂಪ್ಲಿಮೆಂಟ್, ಅಂದ್ರೆ ಋಣ ಸಂಖ್ಯೆನ ಬರೀ 0, 1ರಲ್ಲಿ ಬರೆಯೋ ಪದ್ಧತಿ, ಅದನ್ನ ಮಾತ್ರ ಬಾಯಿಪಾಠ ಮಾಡಬೇಡಿ. 5 ಅಂದ್ರೆ 00000101, ಎಲ್ಲಾ ಬಿಟ್ (0 ಅಥವಾ 1 ಇರೋ ಒಂದೊಂದು ಸ್ಥಾನ) ಅದಲುಬದಲು ಮಾಡಿ, ಅಂದ್ರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಬರೆದು, 1 ಕೂಡಿಸಿದ್ರೆ 11111011, ಅದು -5. ಈಗ ಇವೆರಡನ್ನೂ ಕೂಡಿಸಿ ನೋಡಿ, ಎಂಟು ಬಿಟ್‌ನಲ್ಲಿ ಎಲ್ಲಾ ಸೊನ್ನೆ ಆಗಿ ಒಂಬತ್ತನೇ ಸ್ಥಾನಕ್ಕೆ ಬಂದ ಕ್ಯಾರಿ ಆಚೆ ಬಿದ್ದು ಹೋಗುತ್ತೆ. ಅದನ್ನ ಕೈಯಾರೆ ಮಾಡಿದಾಗಲೇ ಈ ಪದ್ಧತಿ ಯಾಕಿದೆ ಅಂತ ಅರ್ಥ ಆಗೋದು, ಕಳೆಯೋ ಲೆಕ್ಕಕ್ಕೂ ಕೂಡೋ ಸರ್ಕ್ಯೂಟೇ ಸಾಕಾಗುತ್ತೆ.

ಆಮೇಲೆ ಪ್ಯಾಲಿಂಡ್ರೋಮ್ ಪ್ರೋಗ್ರಾಂ ಬಂತು. ಹಿಂದಿಂದ ಓದಿದ್ರೂ ಮುಂದಿಂದ ಓದಿದ್ರೂ ಒಂದೇ ಇರೋ ಪದನಾ ಅಂತ ಹೇಳಬೇಕು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಹಿಂದುಮುಂದು ತಿರುಗಿಸೋದು ಒಂದೇ ಸಾಲಿನ ಕೆಲಸ, ಇಂಗ್ಲಿಷ್ ಪದಗಳು ಕೊಟ್ಟೆ, ಸರಿಯಾಗಿ ಹೇಳ್ತು. ಚಿಕ್ಕಂದಿನಿಂದ ಕೇಳಿದ ಪದ ಇದೆಯಲ್ಲ ಅಂತ 'ವಿಕಟಕವಿ' ಟೈಪ್ ಮಾಡಿದೆ. 'ಅಲ್ಲ' ಅಂತ ಬಂತು. ಸ್ಪೆಲಿಂಗ್ ತಪ್ಪಾಯ್ತೇನೋ ಅಂತ ಮತ್ತೆ ಟೈಪ್ ಮಾಡಿದೆ, ಮತ್ತೆ ಅಲ್ಲ. ಉದ್ದ ಎಷ್ಟು ಅಂತ ಪ್ರಿಂಟ್ ಮಾಡಿಸಿದ್ರೆ 7. ವಿ, ಕ, ಟ, ಕ, ವಿ, ಬೆರಳು ಮಡಚಿ ಎಣಿಸಿದೆ, ಐದೇ ಐದು. ಮೇಡಂ ಹತ್ರ ಹೋಗಿ "ಮೇಡಂ, ಇದು ಏಳು ಅಂತ ತೋರಿಸ್ತಿದೆ" ಅಂದೆ. ಅವರು ಸ್ಕ್ರೀನ್ ನೋಡಿ ನಕ್ಕು, "ಇದನ್ನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಕೋಮ್ಮಾ, ಉತ್ತರ ನಾನು ಹೇಳಲ್ಲ, ನೀನೇ ಹುಡುಕು" ಅಂದ್ರು. ಬರೆದಿಟ್ಟೆ. ತುಂಬಾ ದಿನ ಹಾಗೇ ಇತ್ತು ಅದು.

ಲಾಜಿಕ್ ಗೇಟ್ ಪಾಠ ನಂಗೆ ಮೊದಲು ಕಬ್ಬಿಣದ ಕಡಲೆ. ಟ್ರುತ್ ಟೇಬಲ್ (ಯಾವ ಇನ್‌ಪುಟ್‌ಗೆ ಯಾವ ಉತ್ತರ ಅನ್ನೋ ಪಟ್ಟಿ) ಉರು ಹೊಡೆದು ಬರೀತಿದ್ದೆ, ಮಾರನೇ ದಿನ ಮರೆತು ಹೋಗ್ತಿತ್ತು. ಅದು ತಲೆಗೆ ಹತ್ತಿದ್ದು ಮೆಟ್ಟಿಲಿನ ಲೈಟಿಂದ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ಬಲ್ಬ್ ಒಂದೇ, ಯಾವುದನ್ನ ಒತ್ತಿದ್ರೂ ಲೈಟಿನ ಸ್ಥಿತಿ ಬದಲಾಗುತ್ತೆ. ನಾಲ್ಕು ಸಾಲು ಬರೆದೆ: ಎರಡೂ ಕೆಳಗೆ ಇದ್ರೆ ಆಫ್, ಒಂದು ಮಾತ್ರ ಮೇಲೆ ಇದ್ರೆ ಆನ್, ಎರಡೂ ಮೇಲೆ ಇದ್ರೆ ಮತ್ತೆ ಆಫ್. ನೋಡಿದ್ರೆ ಎಕ್ಸ್‌ಆರ್ ಗೇಟ್, ಎರಡರಲ್ಲಿ ಒಂದು ಮಾತ್ರ 1 ಆದಾಗ 1 ಕೊಡುತ್ತಲ್ಲ ಅದೇ! ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನ ಬೀಜಗಣಿತದ ಥರ ಬರೆದಾಗ ಕಂಪ್ಯೂಟರ್ ಅನ್ನೋದೇ ಇರ್ಲಿಲ್ಲ, 1937ರಲ್ಲಿ ಕ್ಲಾಡ್ ಶಾನನ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ ಇದೇ ಗಣಿತ ಸ್ವಿಚ್ ಸರ್ಕ್ಯೂಟ್‌ಗೆ ಹೊಂದುತ್ತೆ ಅಂತ ತೋರಿಸಿದ. ಇದನ್ನ ಓದಿದ ದಿನ ಮೆಟ್ಟಿಲ ಹತ್ರ ನಿಂತು ಸ್ವಿಚ್ ಹತ್ತಾರು ಸಲ ಹಾಕಿ ತೆಗೆದಿದ್ದೀನಿ, ಅಷ್ಟು ಖುಷಿ ಆಗಿತ್ತು.

ಐಸಿಟಿಯಲ್ಲಿ 'ಸಿ' ಅಂದ್ರೆ ಸಂವಹನ, ತುಂಬಾ ಜನ ಅದನ್ನ ಥಿಯರಿ ಅಂತ ಕೊನೆಗೆ ತಳ್ಳಿಬಿಡ್ತಾರೆ, ನಾನೂ ತಳ್ಳಿದ್ದೆ. ಟೆಸ್ಟ್‌ನಲ್ಲಿ ಒಂದು ಲೆಕ್ಕ ಬಂತು: 600 ಮೆಗಾಬೈಟ್ ಫೈಲು, ಸೆಕೆಂಡಿಗೆ 100 ಮೆಗಾಬಿಟ್ ಲೈನು, ಎಷ್ಟು ಹೊತ್ತು ಬೇಕು. ನಾನು ಆರು ಸೆಕೆಂಡ್ ಅಂತ ಬರೆದು ಎದ್ದು ಬಂದೆ. ಬೈಟಿಗೆ ಎಂಟು ಬಿಟ್, ಹಾಗಾಗಿ ಸೆಕೆಂಡಿಗೆ ಹೋಗೋದು 12.5 ಮೆಗಾಬೈಟ್, ಉತ್ತರ 48 ಸೆಕೆಂಡ್. ಅಲ್ಲಿಂದಾಚೆ ಲೆಕ್ಕದಲ್ಲಿ ಮೊದಲು ಯೂನಿಟ್‌ಗೆ ಗೆರೆ ಎಳೆದೇ ಮುಂದಕ್ಕೆ ಹೋಗ್ತಿದ್ದೆ.

ಪ್ಯಾರಿಟಿ ಬಿಟ್ (ಕಳಿಸಿದ ಡೇಟಾದಲ್ಲಿ ತಪ್ಪಾಗಿದೆಯಾ ಅಂತ ಪತ್ತೆ ಹಚ್ಚೋಕೆ ಸೇರಿಸೋ ಹೆಚ್ಚುವರಿ ಬಿಟ್) ಮಾತ್ರ ಆಟ ಆಡಿ ಕಲಿತೆವು. ನಾನು ನನ್ನ ಫ್ರೆಂಡ್ ಹದಿನಾರು ಚೀಟಿ ಮಾಡಿ, ಒಂದು ಕಡೆ 0 ಇನ್ನೊಂದು ಕಡೆ 1 ಬರೆದು, ನಾಲ್ಕು ಸಾಲು ನಾಲ್ಕು ಕಾಲಂ ಜೋಡಿಸಿದ್ವಿ. ಪ್ರತಿ ಸಾಲಿನ ಕೊನೆಗೆ, ಪ್ರತಿ ಕಾಲಂ ಕೆಳಗೆ ಇನ್ನೊಂದೊಂದು ಚೀಟಿ ಇಟ್ಟು 1ಗಳ ಸಂಖ್ಯೆ ಸಮ ಆಗೋ ಹಾಗೆ ಮಾಡಿದ್ವಿ. ಅವಳು ಆ ಕಡೆ ತಿರುಗಿ ನಿಂತಾಗ ನಾನು ಒಂದು ಚೀಟಿ ಮಗುಚಿ ಹಾಕಿದೆ. ತಿರುಗಿ ನೋಡಿ ಎಣಿಸಿದಳು, ಎರಡನೇ ಸಾಲು ಬೆಸ, ಮೂರನೇ ಕಾಲಂ ಬೆಸ, ಅವೆರಡೂ ಸೇರೋ ಜಾಗದಲ್ಲಿ ಬೆರಳಿಟ್ಟು "ಇದೇ" ಅಂದಳು. ತಪ್ಪಾಗಿದೆ ಅಂತ ಗೊತ್ತಾಗೋದಷ್ಟೇ ಅಲ್ಲ, ಎಲ್ಲಿ ಅಂತಾನೂ ಗೊತ್ತಾಗುತ್ತೆ, ವಾಪಸ್ ಮಗುಚಿದ್ರೆ ಸರಿ ಹೋಗುತ್ತೆ! ಆಮೇಲೆ ಒಂದೇ ಸಾಲಲ್ಲಿ ಎರಡು ಚೀಟಿ ಮಗುಚಿದೆ, ಸಾಲಿನ ಲೆಕ್ಕ ಸಮ ಆಗೇ ಉಳೀತು, ಎರಡು ಕಾಲಂ ಮಾತ್ರ ಬೆಸ ಆದ್ವು, ತಪ್ಪು ನಡೆದಿರೋದು ಗೊತ್ತಾಯ್ತು, ಯಾವ ಸಾಲು ಅಂತ ಮಾತ್ರ ಹೇಳೋಕೆ ಆಗ್ಲಿಲ್ಲ ಅವಳಿಗೆ. ಪುಸ್ತಕದಲ್ಲಿ ಎರಡು ಪುಟ ಇರೋ ವಿಷಯ, ಹತ್ತು ನಿಮಿಷದ ಆಟದಲ್ಲಿ ಹೋಗಿ ಕೂತ್ಕೊಂಡ್ತು.

ಎರಡನೇ ವರ್ಷ ಡೇಟಾಬೇಸ್. ಪ್ರಾಜೆಕ್ಟ್‌ಗೆ ಲೈಬ್ರರಿ ಆಯ್ಕೆ ಮಾಡ್ಕೊಂಡೆ. ಮೊದಲು ಎಲ್ಲಾನೂ ಒಂದೇ ಟೇಬಲ್‌ನಲ್ಲಿ ತುರುಕಿದ್ದೆ, ಪುಸ್ತಕದ ಹೆಸರು, ಲೇಖಕರು, ತಗೊಂಡವರ ಹೆಸರು, ಫೋನ್, ತಗೊಂಡ ದಿನ, ವಾಪಸ್ ಕೊಟ್ಟ ದಿನ. ಒಬ್ಬರು ಮೂರು ಪುಸ್ತಕ ತಗೊಂಡ್ರೆ ಅವರ ಹೆಸರು ಮೂರು ಸಲ, ಮೂರು ಸಲವೂ ಟೈಪ್ ಮಾಡುವಾಗ ಒಂದ್ಸಲ ಇನಿಷಿಯಲ್ ಮುಂದೆ, ಒಂದ್ಸಲ ಹಿಂದೆ, ಒಂದ್ಸಲ ಇಲ್ಲವೇ ಇಲ್ಲ. ಎಷ್ಟು ಜನ ಸದಸ್ಯರಿದ್ದಾರೆ ಅಂತ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಹಾಕಿದ್ರೆ ಇರೋದಕ್ಕಿಂತ ಜಾಸ್ತಿ ಬರ್ತಿತ್ತು. ನಾರ್ಮಲೈಸೇಷನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬರದ ಹಾಗೆ ಟೇಬಲ್ ಒಡೆಯೋದು) ಅನ್ನೋ ಪದ ಕೇಳಿದ್ರೇ ನಿದ್ದೆ ಬರ್ತಿದ್ದ ನಂಗೆ ಆಗ ಅದರ ಬೆಲೆ ಗೊತ್ತಾಯ್ತು. ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾಡೆಲ್ (ಡೇಟಾನ ಟೇಬಲ್‌ಗಳಲ್ಲಿ ಇಡೋ ವಿಧಾನ) ಮುಂದಿಟ್ಟಾಗ ಇಂಥ ಪುನರಾವರ್ತನೆಯ ತೊಂದರೆ ಬಗ್ಗೆನೂ ಬರೆದಿದ್ದ. ಸದಸ್ಯರದ್ದು ಒಂದು ಟೇಬಲ್, ಪುಸ್ತಕದ್ದು ಒಂದು, ಯಾರು ಯಾವುದನ್ನ ಯಾವಾಗ ತಗೊಂಡ್ರು ಅನ್ನೋದು ಮೂರನೇದು, ಅದರಲ್ಲಿ ಹೆಸರಿಲ್ಲ, ಬರೀ ಸದಸ್ಯರ ನಂಬರು ಪುಸ್ತಕದ ನಂಬರು. ಒಡೆದು ಬರೆಯೋಕೆ ಎರಡು ಸಂಜೆ ಹಿಡೀತು.

ಅದೆಲ್ಲಾ ಆದಮೇಲೆ ಪ್ರಾಜೆಕ್ಟ್ ಒಪ್ಪಿಸೋಕೆ ನಾಲ್ಕು ದಿನ ಇರುವಾಗ ಒಬ್ಬ ಸದಸ್ಯರ ಫೋನ್ ನಂಬರ್ ಬದಲಾಯಿಸೋಕೆ ಹೋದೆ. ಅಪ್‌ಡೇಟ್ ಬರೆದೆ, ಸೆಟ್ ಬರೆದೆ, ವೇರ್ (ಯಾವ ಸಾಲು ಬದಲಾಗಬೇಕು ಅನ್ನೋ ಷರತ್ತು) ಬರೆಯೋದು ಮರೆತೆ, ಎಂಟರ್ ಒತ್ತಿದೆ. '60 ಸಾಲು ಬದಲಾಗಿದೆ' ಅಂತ ಬಂತು ನೋಡಿ, ಎದೆ ಧಸಕ್ ಅಂತು. ಅರವತ್ತು ಜನಕ್ಕೂ ಒಂದೇ ಫೋನ್ ನಂಬರ್! ಬ್ಯಾಕಪ್ ಇರ್ಲಿಲ್ಲ. ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟ ಮೂಲ ಪಟ್ಟಿ ಇದ್ದಿದ್ದಕ್ಕೆ ಬಚಾವಾದೆ, ರಾತ್ರಿ ಕೂತು ಅರವತ್ತನ್ನೂ ಮತ್ತೆ ಹಾಕಿದೆ. ಆಮೇಲಿಂದ ನಾನು ಮಾಡೋದು ಹೀಗೆ, ನೀವೂ ಮಾಡಿ: ಅಪ್‌ಡೇಟ್ ಆಗ್ಲಿ ಡಿಲೀಟ್ ಆಗ್ಲಿ, ಮೊದಲು ಅದೇ ವೇರ್ ಷರತ್ತು ಹಾಕಿ ಸೆಲೆಕ್ಟ್ (ಸಾಲುಗಳನ್ನ ಬರೀ ತೋರಿಸೋ ಆದೇಶ) ಓಡಿಸಿ, ಯಾವ ಸಾಲು ಬರುತ್ತೆ ಅಂತ ಕಣ್ಣಾರೆ ನೋಡಿ. ಟ್ರಾನ್ಸಾಕ್ಷನ್ ಶುರು ಮಾಡಿ ಆಮೇಲೆ ಬದಲಾಯಿಸಿ, ತಪ್ಪಾದ್ರೆ ರೋಲ್‌ಬ್ಯಾಕ್ (ಬದಲಾವಣೆ ರದ್ದು), ಸರಿ ಇದ್ರೆ ಕಮಿಟ್ (ಬದಲಾವಣೆ ಖಾಯಂ). ದಿನಾ ಸಂಜೆ ಒಂದು ಕಾಪಿ ಬೇರೆ ಕಡೆ ಇಡಿ.

ಪರೀಕ್ಷೆಗೆ ಓದಿದ್ದರ ಬಗ್ಗೆ ಕೇಳ್ತಾರೆ. ಡೆಫಿನಿಷನ್‌ಗಳನ್ನ ನನ್ನ ಮಾತಲ್ಲಿ ಬರೆದು, ಕೆಳಗೆ ನಾನೇ ಮಾಡಿದ ಒಂದು ಉದಾಹರಣೆ ಬರೀತಿದ್ದೆ. ಹಳೇ ಪ್ರಶ್ನೆಪತ್ರಿಕೆಗಳನ್ನ ಗಡಿಯಾರ ಇಟ್ಕೊಂಡು ಬಿಡಿಸಿದೆ. ಕೋಡ್ ಪ್ರಶ್ನೆಗಳನ್ನ ಪೇಪರ್ ಮೇಲೇ ಅಭ್ಯಾಸ ಮಾಡಬೇಕು, ಯಾಕಂದ್ರೆ ಪರೀಕ್ಷೆ ಹಾಲ್‌ನಲ್ಲಿ ಕೆಂಪು ಗೆರೆ ಎಳೆದು ತಪ್ಪು ತೋರಿಸೋ ಎಡಿಟರ್ ಇರಲ್ಲ. ಪ್ರಾಜೆಕ್ಟ್ ವೈವಾದಲ್ಲಿ ಬೇರೆಯವರ ಕೋಡ್ ತಂದವರು ಮೊದಲನೇ ಪ್ರಶ್ನೆಗೇ ಸಿಕ್ಕಿಬೀಳ್ತಾರೆ, "ಈ ಸಾಲು ತೆಗೆದ್ರೆ ಏನಾಗುತ್ತೆ" ಅಂತ ಕೇಳಿದ್ರೆ ಮುಗೀತು.

ಇನ್ನು ವಿಕಟಕವಿ ಬರೆದಿಟ್ಟ ಆ ಕೊನೇ ಪುಟ. ಎರಡನೇ ವರ್ಷ ಲಿಸ್ಟ್, ಫಂಕ್ಷನ್ ಎಲ್ಲಾ ಕೈಗೆ ಹತ್ತಿದ ಮೇಲೆ ಅದನ್ನ ಮತ್ತೆ ತೆಗೆದೆ. ಆಸ್ಕಿ (ಅಕ್ಷರಗಳಿಗೆ ಸಂಖ್ಯೆ ಕೊಡೋ ಹಳೇ ಪದ್ಧತಿ) ಅಂದ್ರೆ 7 ಬಿಟ್, 128 ಸಂಕೇತ, ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ, ಅದಕ್ಕೇ ಬೇರೆ ಬೇರೆ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡೋ ಯೂನಿಕೋಡ್ ಅಂತ ಪುಸ್ತಕದಲ್ಲಿ ಒಂದೇ ಸಾಲು ಇತ್ತು. ವಿಕಟಕವಿಯ ಒಂದೊಂದು ಸಂಕೇತದ ಸಂಖ್ಯೆನೂ ಪ್ರಿಂಟ್ ಮಾಡಿಸಿದೆ: 3253, 3263, 3221, 3231, 3221, 3253, 3263. ಅಲ್ಲೇ ಗೊತ್ತಾಯ್ತು. 3253 ಅಂದ್ರೆ 'ವ', 3263 ಅಂದ್ರೆ ಬರೀ ಗುಡಿಸು. ನಮಗೆ 'ವಿ' ಒಂದಕ್ಷರ, ಕಂಪ್ಯೂಟರ್‌ಗೆ ಅದು ಎರಡು. ತಿರುಗಿಸಿದಾಗ ಗುಡಿಸು ಮುಂದೆ ಬಂದು 'ವ' ಹಿಂದೆ ಹೋಗ್ತಿತ್ತು, ಮತ್ತೆ ಹೇಗೆ ಒಂದೇ ಆಗುತ್ತೆ. ಯುಟಿಎಫ್-8, ಅಂದ್ರೆ ಯೂನಿಕೋಡ್ ಸಂಖ್ಯೆನ ಬೈಟ್‌ಗಳಾಗಿ ಬರೆಯೋ ಪದ್ಧತಿ, ಅದರಲ್ಲಿ ಇದರ ಪ್ರತಿ ಸಂಕೇತಕ್ಕೂ 3 ಬೈಟ್, ಅಂದ್ರೆ ಈ ಪದಕ್ಕೆ 21 ಬೈಟ್.

ಸಂಖ್ಯೆ 3262ರಿಂದ 3277ರ ಒಳಗಿದ್ರೆ (ಕನ್ನಡದ ಸ್ವರಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ ಇರೋ ಜಾಗ) ಅದನ್ನ ಹಿಂದಿನ ಅಕ್ಷರಕ್ಕೆ ಅಂಟಿಸು ಅಂತ ಒಂದು ಫಂಕ್ಷನ್ ಬರೆದೆ, ಮೊದಲು ಪೇಪರ್ ಮೇಲೆ ಡ್ರೈ ರನ್, ಆಮೇಲೆ ಲ್ಯಾಬ್. ವಿಕಟಕವಿಗೆ 5 ಬಂತು, 'ಹೌದು' ಅಂತಾನೂ ಬಂತು. ಅಭ್ಯಾಸಬಲದಿಂದ ಕೆಡಿಸೋ ಇನ್‌ಪುಟ್ ಹುಡುಕಿದೆ, 'ಅಕ್ಕ' ಕೊಟ್ಟೆ, ಎರಡು ಬರಬೇಕಾದ ಜಾಗದಲ್ಲಿ 3 ಬಂತು, ಒತ್ತಕ್ಷರದ ಲೆಕ್ಕ ಬಿಟ್ಟು ಹೋಗಿತ್ತು. ಹಿಂದಿನದು 3277, ಅಂದ್ರೆ ಅರ್ಧಾಕ್ಷರದ ಚಿಹ್ನೆ ಆಗಿದ್ರೆ ಮುಂದಿನ ವ್ಯಂಜನವನ್ನೂ ಜೊತೆಗೆ ಅಂಟಿಸು ಅಂತ ಇನ್ನೊಂದು ಷರತ್ತು ಸೇರಿಸಿದೆ, 2 ಬಂತು. ಅನುಸ್ವಾರ ವಿಸರ್ಗಕ್ಕೆ 3202, 3203 ಸೇರಿಸಿದೆ. ಮೇಡಂನ ಕರೆದೆ. ಅವರು ಕೋಡ್ ಪೂರ್ತಿ ಓದಿದ್ರು, ಏನೂ ಹೇಳದೇ ನನ್ನ ಪಕ್ಕ ಕೂತು ಕೀಬೋರ್ಡ್ ಎಳ್ಕೊಂಡು ಅವರೇ ಟೈಪ್ ಮಾಡಿದ್ರು, 'ಕುಬೇರನಿಗೇನಿರಬೇಕು'. ಎಂಟರ್ ಒತ್ತಿದ್ರು. 9 ಅಕ್ಷರ, ಹೌದು.